ಒಂದು ಗೇಣು ದೂರದ ಬೆಲ್ಲ

ನಾನು ಒಮ್ಮೆ ಒಂದೇ ಪಂಕ್ತಿಯಲ್ಲಿ ಕೂತು ಒಂಬತ್ತು ಮದುವೆಗಳ ಊಟ ಮುಗಿಸಿದ್ದೇನೆ. ಸುಳ್ಳಲ್ಲ. ಹತ್ತನೆಯ ಮದುವೆಯ ಗಂಡಿನ ಕಡೆಯವರು ನನ್ನನ್ನು ದೂರದಿಂದ ನೋಡಿಯೇ ಮುಹೂರ್ತವನ್ನು ಮುಂದಿನ ವರ್ಷಕ್ಕೆ ತಳ್ಳಿದರು. ಅಡುಗೆಯವನು ಬರಿದಾದ ಕೊಪ್ಪರಿಗೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, "ಓಬಳಣ್ಣಾ, ಇನ್ನು ಉಳಿದಿರೋದು ನಾನೊಬ್ನೇ" ಎಂದು ಗೊಳೋ ಅತ್ತ. ತಪ್ಪು ನನ್ನದಲ್ಲ, ನನ್ನ ಟಗರಿನದು. ಅದು ಕೂಗುವುದನ್ನು ನಿಲ್ಲಿಸಲಿಲ್ಲ, ನಾನು ಉಣ್ಣುವುದನ್ನು ನಿಲ್ಲಿಸಲಿಲ್ಲ.

ನಮ್ಮೂರಿನಲ್ಲಿ ಹಸಿವು ಮನುಷ್ಯರಿಗೆ ಆಗುವುದಿಲ್ಲ. ಮಗುವಿಗೆ ಹಲ್ಲು ಮೂಡುವ ಹೊತ್ತಿಗೆ ತೊಟ್ಟಿಲ ಕಾಲಿಗೆ ಒಂದು ಪ್ರಾಣಿಯನ್ನು ಕಟ್ಟುತ್ತಾರೆ. ಆಡೋ, ಕುರಿಯೋ, ಕೋಳಿಯೋ, ಆ ಮನೆಯವರ ಕೈಲಾದದ್ದು. ಅಲ್ಲಿಂದ ಮುಂದೆ ಆ ಮಗುವಿನ ಹಸಿವು, ನೀರಡಿಕೆ, ನಿದ್ದೆ, ಹಟ, ಮೋಹ ಎಲ್ಲವೂ ಆ ಪ್ರಾಣಿಯ ಹೊಟ್ಟೆಯಲ್ಲಿ. ಅದು ಕೂಗಿದರೆ ನಾವು ಉಣ್ಣುತ್ತೇವೆ, ಅದು ಮಲಗಿದರೆ ಚಾಪೆ ಹಾಸುತ್ತೇವೆ. ದಾರಿಯಲ್ಲಿ ಸಿಕ್ಕವರನ್ನು ನಾವು "ಊಟ ಆಯ್ತಾ?" ಎಂದು ಕೇಳುವುದಿಲ್ಲ, "ನಿಮ್ಮದು ಕೂಗ್ತಾ?" ಎಂದು ಕೇಳುತ್ತೇವೆ. ಹರೆಯದ ಹುಡುಗನಿಗೆ ತಾನು ಯಾರನ್ನು ಮೆಚ್ಚಿದ್ದೇನೆ ಎಂದು ತಿಳಿಯುವುದು ಅವನ ಹೋತ ಹಗ್ಗ ಹರಿದುಕೊಂಡು ಯಾರದೋ ಮನೆಯ ಮುಂದೆ ಹೋಗಿ ನಿಂತ ಮೇಲೆಯೇ. ಆಮೇಲೆ ಹುಡುಗಿಯ ಅಪ್ಪ ಹುಡುಗನನ್ನು ಬಿಟ್ಟು ಹೋತಕ್ಕೆ ಹೊಡೆಯುತ್ತಾನೆ. ಇನ್ನು, ಸುಳ್ಳು ಹೇಳಲು ಹೊರಟವನು ನಮ್ಮಲ್ಲಿ ಮೊದಲು ಮಾಡುವ ಕೆಲಸವೆಂದರೆ ತನ್ನ ಪ್ರಾಣಿಯನ್ನು ಹಿತ್ತಲಲ್ಲಿ ಕಟ್ಟಿ ಬರುವುದು.

ನನ್ನದು ಮಂಡಕ್ಕಿ ಭಟ್ಟಿ. ನಾನು ಮರಳು ಕಾಯಿಸಿ ಅಕ್ಕಿ ಹುರಿದರೆ ಒಂದೊಂದು ಕಾಳೂ ಮಲ್ಲಿಗೆ ಮೊಗ್ಗಿನಷ್ಟು ಉಬ್ಬುತ್ತದೆ, ಒಂದು ಸಲ ತೆಂಗಿನಕಾಯಿಯಷ್ಟು ಉಬ್ಬಿದ್ದೂ ಉಂಟು. ಆ ವಾಸನೆ ಹೊರಟರೆ ನನ್ನ ಭಟ್ಟಿಗೆ ಗಿರಾಕಿ ಬರುವುದಿಲ್ಲ. ಗಿರಾಕಿಯ ಆಡು ಬರುತ್ತದೆ, ಹಗ್ಗದ ಇನ್ನೊಂದು ತುದಿಯಲ್ಲಿ ಗಿರಾಕಿ ಇರುತ್ತಾನೆ. ನನ್ನ ಟಗರೋ, ಅದರ ಕೊಂಬಿಗೆ ಜನ ಬಟ್ಟೆ ಒಣಹಾಕುತ್ತಿದ್ದರು. ಯಾರಾದರೂ ನನ್ನನ್ನು ಹೊಗಳಿದರೆ ಅದು ಕುತ್ತಿಗೆ ಎತ್ತಿ ನಿಲ್ಲುತ್ತದೆ. ಯಾರಾದರೂ ನನ್ನನ್ನು ನೋಡಿ ಅಯ್ಯೋ ಅಂದರೆ ಗೋಡೆಗೆ ಗುಮ್ಮುತ್ತದೆ. ಭಟ್ಟಿಯ ಹಿಂಗೋಡೆ ಬೀಳದೆ ನಿಂತಿರುವುದು ಊರವರು ನನ್ನನ್ನು ಹೊಗಳುತ್ತಲೇ ಬಂದದ್ದರಿಂದ.

ನನ್ನ ಹೆಂಡತಿ ಬೊಮ್ಮಕ್ಕ. ಮಂಡಕ್ಕಿಯಿಂದ ಮರಳು ಬೇರೆ ಮಾಡುವ ಜರಡಿ ಅವಳ ಕೈಯಲ್ಲಿ, ನನ್ನ ಮಾತಿನಿಂದ ಸುಳ್ಳು ಬೇರೆ ಮಾಡುವುದೂ ಅವಳೇ. ನಾನು ಗಿರಾಕಿಗಳಿಗೆ ಏನಾದರೂ ಹೇಳುತ್ತಿದ್ದರೆ ಒಳಗಿನಿಂದಲೇ ಕೂಗುತ್ತಿದ್ದಳು: "ಒಂಬತ್ತು ಅಂದ್ನಾ? ಒಂಬತ್ತು ತೆಗೆದು ಒಂದು ಇಟ್ಕಳಿ." ಅವಳದು ಒಂದು ಕರಿ ಹೇಂಟೆ. ಇಡೀ ದಿನ ಕೆದರುವುದು, ಕುಕ್ಕುವುದು, ಬೇರೆಯವರ ಅಂಗಳಕ್ಕೆ ನುಗ್ಗುವುದು. ಬೊಮ್ಮಕ್ಕನೂ ಹಾಗೆಯೇ, ಕಂಡದ್ದೆಲ್ಲ ಅವಳಿಗೆ ಬೇಕು. ಬಳೆ ಬೇಕು, ಹೊಸ ಒನಕೆ ಬೇಕು, ಪಕ್ಕದ ಮನೆಯ ಜಗಳದಲ್ಲಿ ಪಾಲು ಬೇಕು.

ಪ್ರಾಣಿ ಮುದಿಯಾದರೆ ಅದರ ಪಕ್ಕದಲ್ಲಿ ಎಳೆಯದೊಂದನ್ನು ತಂದು ಕಟ್ಟುವುದು ನಮ್ಮ ಪದ್ಧತಿ. ಒಂದು ಅಮಾವಾಸ್ಯೆ ಕಳೆಯುವಷ್ಟರಲ್ಲಿ ಹಳೆಯದರ ಹೊಟ್ಟೆಯಲ್ಲಿದ್ದದ್ದು ಹೊಸದಕ್ಕೆ ದಾಟುತ್ತದೆ, ಬತ್ತಿಯಿಂದ ಬತ್ತಿಗೆ ದೀಪ ಹಚ್ಚಿದ ಹಾಗೆ. ದಾಟುವ ಮೊದಲೇ ಹಳೆಯದು ಸತ್ತರೆ ಮುಗಿಯಿತು. ಅಂಥವರನ್ನು ನಾವು ಸುಮ್ಮನಾದವರು ಎನ್ನುತ್ತೇವೆ. ಅವರಿಗೆ ನೋವಿಲ್ಲ. ಬಾಯಿಗೆ ಇಟ್ಟರೆ ಅಗಿಯುತ್ತಾರೆ, ಹೊಯ್ದರೆ ನುಂಗುತ್ತಾರೆ. ಬಿಸಿಲಲ್ಲಿ ಕೂರಿಸಿದರೆ ಬಿಸಿಲಲ್ಲೇ ಕೂರುತ್ತಾರೆ, ನೆರಳು ಎರಡು ಹೆಜ್ಜೆ ಆಚೆ ಇದ್ದರೂ. ನಾಲಿಗೆಯ ಮೇಲೆ ಬೆಲ್ಲದ ಚೂರು ಇಟ್ಟರೆ ಮುಖ ಅರಳುತ್ತದೆ, ಕೂಸಿನ ಮುಖ ಅರಳಿದ ಹಾಗೆ. ಆದರೆ ಎರಡನೆಯ ಚೂರನ್ನು ಕಣ್ಣೆದುರಿಗೇ ಇಟ್ಟರೂ ಕೈ ಚಾಚುವುದಿಲ್ಲ. ರುಚಿ ಉಳಿದಿರುತ್ತದೆ. ಬೇಕು ಎನ್ನುವುದು ಹೋಗಿರುತ್ತದೆ.

ಸುಮ್ಮನಾದವರಿರುವ ಮನೆಯ ಹೊಸ್ತಿಲ ಪಕ್ಕ ಒಂದು ತಂಬಿಗೆ ಬೋರಲು ಹಾಕಿಡುತ್ತಾರೆ. ಹಾದು ಹೋಗುವವರು ಅದನ್ನು ಕಂಡರೆ ಒಳಗೆ ಹೋಗಿ ಅವರ ಬಾಯಿಗೆ ಒಂದು ಗುಟುಕು ನೀರು ಹಾಕಿ ಬರಬೇಕು. ಮೊದಮೊದಲು ಇಡೀ ಬೀದಿಯೇ ಬರುತ್ತದೆ. ಆಮೇಲೆ ಜನ ಸುತ್ತಾದರೂ ಪರವಾಗಿಲ್ಲ ಎಂದು ಬೇರೆ ಓಣಿ ಹಿಡಿಯುತ್ತಾರೆ. ಯಾರೂ ಕೆಟ್ಟವರಲ್ಲ, ಅವರವರ ಪ್ರಾಣಿ ಅವರವರ ಕೂಗು ಕೂಗುತ್ತಿರುತ್ತದೆ. ಸುಮ್ಮನಾದವರ ಪರವಾಗಿ ಕೂಗುವುದಕ್ಕೆ ಏನೂ ಇಲ್ಲ. ಒಂದು ದಿನ ಮನೆಯವರು ಮರೆಯುತ್ತಾರೆ. ಮರೆತಿರಿ ಎಂದು ಸುಮ್ಮನಾದವರು ಹೇಳುವುದಿಲ್ಲ.

ಬೊಮ್ಮಕ್ಕನ ಹೇಂಟೆಯನ್ನು ಹುಲಿ ಹಿಡಿಯಿತು. ಎತ್ತಿನಗಾಡಿಯಷ್ಟು ದೊಡ್ಡ ಹುಲಿ. ನಾನು ಹುರಿಯುವ ಸೌಟು ಹಿಡಿದು ಊರ ಗಡಿ ದಾಟುವವರೆಗೂ ಅಟ್ಟಿಸಿಕೊಂಡು ಹೋದೆ, ಅದರ ಬಾಲದ ಕೂದಲು ಈಗಲೂ ನನ್ನ ಹತ್ತಿರ ಇದೆ. ಆದರೂ ಹೇಂಟೆ ಹೋದದ್ದು ಹೋಯಿತು. ಅವತ್ತಿನಿಂದ ಬೊಮ್ಮಕ್ಕ ಸುಮ್ಮನಾದಳು. ನಮ್ಮ ಹೊಸ್ತಿಲಲ್ಲೂ ತಂಬಿಗೆ ಬೋರಲಾಯಿತು.

ನಾನು ಅವಳಿಗೆ ಉಣಿಸುತ್ತಿದ್ದ ಹಾಗೆ ಯಾವ ತಾಯಿಯೂ ಮಗುವಿಗೆ ಉಣಿಸಿಲ್ಲ. ಮರಳು ಕಾಯುವುದರೊಳಗೆ ತುತ್ತು, ಮರಳು ಆರುವುದರೊಳಗೆ ನೀರು. ಆದರೆ ಗಿರಾಕಿಗಳು ಬಂದು ಒಳಗೆ ಇಣುಕಿ, ಚ್ ಚ್ ಎಂದು ಲೊಚಗುಟ್ಟಿ ಮಂಡಕ್ಕಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ನನ್ನ ಮಾತಿಗೆ ಈಗ ಯಾರೂ ನಗುತ್ತಿರಲಿಲ್ಲ. ಕ್ಷೌರದ ಗಾದ್ರಪ್ಪ ದಿನಾ ಭಟ್ಟಿಯ ಕಟ್ಟೆಯ ಮೇಲೆ ಕೂತು ನನ್ನ ಕಾಲೆಳೆಯುವವನು, ಅವನೂ ಒಂದು ದಿನ ನನ್ನ ಹೆಗಲ ಮೇಲೆ ಕೈಯಿಟ್ಟು, "ಪಾಪ ಕಣೋ ನೀನು, ಓಬಳಾ" ಎಂದ. ಹಿಂದೆ ಟಗರು ಗೋಡೆಗೆ ಗುಮ್ಮಿದ ಸದ್ದು ಕೇಳಿತು. ಸೂರಿನಿಂದ ಮಸಿ ಉದುರಿತು.

"ಪಾಪ ಯಾಕೆ?" ಎಂದೆ. "ನಿನ್ನೆ ಬೊಮ್ಮಿ ಕೈ ಚಾಚಿದ್ಲು."

"ಎಲ್ಲಿಗೆ?"

"ಬೆಲ್ಲಕ್ಕೆ. ಬೆಲ್ಲಾನೂ ನೀರೂ ಅವಳಿಂದ ಒಂದು ಗೇಣು ದೂರ ಇಟ್ಟೆ. ಕೈಯಾರೆ ಕೊಡಲೇ ಇಲ್ಲ. ದಿನಾ ಬಾಯಿಗೆ ಇಡ್ತಾ ಇದ್ರೆ ಬೇಕು ಅನ್ನೋದು ಯಾಕೆ ಹುಟ್ಟಬೇಕು ಹೇಳು? ಒಂದಿನ ಕಾದೆ, ಎರಡು ದಿನ ಕಾದೆ. ಗಟ್ಟಿಯಾಗಿ ಕೂತೆ. ನಿನ್ನೆ ಅವಳ ಬೆರಳು ಅಲ್ಲಾಡಿತು. ಆಮೇಲೆ ಹದ್ದು ಎರಗಿದಂಗೆ ಎರಗಿ ಬೆಲ್ಲ ಎತ್ಕಂಡ್ಲು."

"ನಿನ್ನ ಮಾತನ್ನ ಜರಡಿ ಹಿಡೀಬೇಕು. ತೋರ್ಸು."

ತೋರಿಸಿದೆ. ಮಾರನೆಯ ದಿನ ಮಧ್ಯಾಹ್ನ ಬೀದಿಯವರೆಲ್ಲ ನಮ್ಮ ಮನೆಯ ನಡುಮನೆಯಲ್ಲಿ ಸೇರಿದರು. ಬೊಮ್ಮಕ್ಕ ಗೋಡೆಗೆ ಒರಗಿ ಕೂತಿದ್ದಳು, ಅವಳ ಮುಂದೆ ಮಣೆ, ಮಣೆಯ ಮೇಲೆ ಬೆಲ್ಲ. ನನಗೆ ಚಳಿಜ್ವರವಿತ್ತು, ಹಾಗಾಗಿ ಕಂಬಳಿ ಹೊದ್ದು ಅವಳ ಪಕ್ಕಕ್ಕೆ ಅಂಟಿಕೊಂಡೇ ಕೂತಿದ್ದೆ. ಟಗರು ಗಲಾಟೆ ಮಾಡೀತೆಂದು ಹಿತ್ತಲಲ್ಲಿ ಕಟ್ಟಿದ್ದೆ. ಎಲ್ಲರೂ ಬೆಲ್ಲವನ್ನೇ ನೋಡುತ್ತ ಕಾದರು. ಆಮೇಲೆ ಬೊಮ್ಮಕ್ಕನ ಮೊಣಕೈ ಅಲುಗಿತು. ಕೈ ಮುಂದೆ ಸರಿಯಿತು, ಮಣೆಯ ಅಂಚು ದಾಟಿತು, ಬೆಲ್ಲದ ಮೇಲೆ ಬಿತ್ತು. "ಮುಟ್ಟಿದ್ಲು! ಮುಟ್ಟಿದ್ಲು!" ಎಂದು ಹೆಂಗಸರು ಅತ್ತರು. ಗಾದ್ರಪ್ಪ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ, ಕತ್ತಿ ಹಿಡಿದು ಊರಿನ ಮುಕ್ಕಾಲು ಕತ್ತುಗಳನ್ನು ಕೈಯಲ್ಲಿಟ್ಟುಕೊಂಡಿರುವ ಮನುಷ್ಯ!

ಅವತ್ತಿನಿಂದ ನಾನು ಊರಿಗೆ ದೊಡ್ಡವನಾದೆ. ಹೇಳಿದ್ದನ್ನೇ ಹೇಳಿದೆ, ಪ್ರತಿ ಸಲವೂ ಸ್ವಲ್ಪ ಬೆಳೆಸಿ ಹೇಳಿದೆ. ಗೇಣು ದೂರ ಇಡಿ. ಕರುಣೆ ತೋರಿಸಬೇಡಿ. ನಡುವೆ ಒಂದು ಹನಿ ಕೊಟ್ಟರೂ ಮೂಡುತ್ತಿರುವ ಆಸೆ ವಾಪಸು ಹೋಗುತ್ತದೆ. ಮಾತು ಎಷ್ಟು ಸರಿಯಾಗಿ ಕೇಳಿಸುತ್ತಿತ್ತೆಂದರೆ ನಾನೇ ಎರಡು ಸಲ ತಲೆದೂಗಿದೆ. ಬೀದಿಯಲ್ಲಿ ನಡೆಯುವಾಗ ಹೊಸ್ತಿಲುಗಳಲ್ಲಿ ಬೋರಲಿದ್ದ ತಂಬಿಗೆಗಳು ಒಂದೊಂದಾಗಿ ನೆಟ್ಟಗಾಗುವುದನ್ನು ನೋಡಿದೆ. ಹಾದು ಹೋಗುವವರು ಇನ್ನು ಒಳಗೆ ಬಂದು ನೀರು ಹಾಕಬಾರದು ಎಂದು ಅದರ ಅರ್ಥ. ನನ್ನ ಟಗರು ಕುತ್ತಿಗೆ ಎತ್ತಿಕೊಂಡು ನಡೆಯಿತು.

ಮಾರಕ್ಕ ಬಂದದ್ದು ಅಂಥ ಒಂದು ಬೆಳಗ್ಗೆ. ಕೆಳಗಿನ ಕೇರಿಯವಳು. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಆ ತಮ್ಮ ಬೋರೇಶಿ ಬಾವಿ ತೋಡುವ ಆಳು, ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. ಬಾವಿಯ ದಡ ಕುಸಿದು ಅವನ ಕತ್ತೆ ಮಣ್ಣಿನಡಿ ಸೇರಿದ ಮೇಲೆ ಅವನೂ ಸುಮ್ಮನಾಗಿದ್ದ.

"ಅಣ್ಣಾ, ಎಷ್ಟು ದಿನ ಕಾಯಬೇಕು?" ಎಂದಳು. ಅವಳ ತುಟಿ ಒಣಗಿತ್ತು. "ಮೂರು ದಿನ ಆತು. ನೀರೂ ಕೊಟ್ಟಿಲ್ಲ. ಬೆರಳು ಅಲ್ಲಾಡವಲ್ದು."

ನನ್ನ ಕೈಯ ಸೌಟು ಮರಳಿನಲ್ಲೇ ನಿಂತಿತು. "ಸ್ವಲ್ಪ ನೀರು ಹಾಕವ್ವ. ನೀರು ಹಾಕಿದ್ರೆ ಏನೂ ಆಗಲ್ಲ" ಎಂದೆ.

"ನಡುವೆ ಒಂದು ಹನಿ ಕೊಟ್ರೂ ಆಸೆ ವಾಪಸು ಹೋಗ್ತೈತೆ ಅಂದಿದ್ರಿ."

"ಅಂದಿದ್ದೆ. ಆದ್ರೆ... ಒಬ್ಬೊಬ್ಬರದು ಒಂದೊಂದು ಥರ."

"ಹಂಗಾದ್ರೆ ನೀವೇ ಬಂದು ನೋಡಿ, ಅವನದು ಯಾವ ಥರ ಅಂತ ಹೇಳಿ. ಬನ್ನಿ ಅಣ್ಣಾ."

ಹೊರಟೆ. ಟಗರನ್ನು ಕಟ್ಟಿ ಬರಲು ಅವಳು ಬಿಡಲಿಲ್ಲ, ನನ್ನ ಮುಂದೆ ಮುಂದೆ ಓಡೋಡಿ ನಡೆಯುತ್ತಿದ್ದಳು. ಹಾಗಾಗಿ ಹಗ್ಗ ನನ್ನ ಮಣಿಕಟ್ಟಿನಲ್ಲೇ ಇತ್ತು.

ಬೋರೇಶಿ ಚಾಪೆಯ ಮೇಲೆ ಪಕ್ಕಕ್ಕೆ ಹೊರಳಿ ಮಲಗಿದ್ದ. ಅವನ ಮುಖದಿಂದ ಒಂದು ಗೇಣು ದೂರದಲ್ಲಿ ಬೆಲ್ಲ, ಅದರ ಪಕ್ಕ ಲೋಟದಲ್ಲಿ ನೀರು. ಬೆಲ್ಲ ಇರುವೆಗಳಿಂದ ಕಪ್ಪಾಗಿತ್ತು. ಅವನ ತುಟಿ ಬಿರುಕು ಬಿಟ್ಟು ಬಿಳಿಯಾಗಿತ್ತು, ಕಣ್ಣು ಗುಳಿ ಬಿದ್ದಿತ್ತು, ಆದರೆ ಆ ಕಣ್ಣಿನಲ್ಲಿ ಯಾವ ಆತುರವೂ ಇರಲಿಲ್ಲ. ನೀರನ್ನು ನೋಡುತ್ತಿದ್ದ, ಗೋಡೆಯನ್ನು ನೋಡುವ ಹಾಗೆ. ಮನೆಯ ನಡುಗಂಬಕ್ಕೆ ಒಂದು ಹಗ್ಗ ಸುತ್ತಿತ್ತು, ಅದರ ತುದಿಯಲ್ಲಿ ಕುಣಿಕೆ.

"ಇದೇನು?" ಎಂದೆ.

"ನನ್ನ ಕೈಗೆ" ಎಂದಳು ಮಾರಕ್ಕ. "ಕೊಟ್ಟುಬಿಡ್ತೀನಿ ಅಂತ ನನಗೇ ಭಯ. ಒಂದು ಕೈ ಕಂಬಕ್ಕೆ ಕಟ್ಕಂಡು ಕೂರ್ತೀನಿ. ನನ್ನ ಕುರೀನ ದೊಡ್ಡಮ್ಮನ ಮನೇಲಿ ಬಿಟ್ಟೀನಿ. ಇಲ್ಲಿದ್ರೆ ಲೋಟಕ್ಕೇ ಎಳೀತಿತ್ತು, ಹೊಡೆದ್ರೂ ಬಿಡ್ತಿರಲಿಲ್ಲ." ಅವಳ ಮಣಿಕಟ್ಟಿನಲ್ಲಿ ಹಗ್ಗದ ಗೆರೆ ರಕ್ತ ಹೆಪ್ಪುಗಟ್ಟಿ ನೀಲಿಯಾಗಿತ್ತು. "ಹೇಳಿ ಅಣ್ಣಾ. ಇನ್ನೂ ಒಂದಿನ ಕಾದ್ರೆ ಎತ್ತುತಾನಾ?"

ನಾನು ಬಾಯಿ ತೆರೆದೆ. ಎತ್ತುತ್ತಾನೆ ಎಂದು ಹೇಳಲು ತೆರೆದೆನೋ, ಇಲ್ಲ ಎಂದು ಹೇಳಲು ತೆರೆದೆನೋ, ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಹಗ್ಗ ಬಿಗಿಯಿತು. ಟಗರು ನಾಲ್ಕೂ ಕಾಲು ನೆಲಕ್ಕೆ ಊರಿ ಲೋಟದ ಕಡೆಗೆ ಎಳೆಯುತ್ತಿತ್ತು. ಬರುವ ಮುಂಚೆ ತಾನೇ ಬಾನಿ ತುಂಬ ನೀರು ಕುಡಿದಿತ್ತು. ನಾನು ಹಿಂದಕ್ಕೆ ಜಗ್ಗಿದೆ. ಅದು ಮಂಡಿಯೂರಿತು, ಗಂಟಲಲ್ಲಿ ಗೊರಗೊರ ಸದ್ದು ಮಾಡುತ್ತ ಮತ್ತೆ ಎಳೆಯಿತು.

ಮಾರಕ್ಕ ಟಗರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನನ್ನ ಕುರಿ ಮಾಡಿದ್ದೂ ಇದೇ" ಎಂದಳು ಮೆಲ್ಲಗೆ. "ಅವನಿಗೆ ನೀರು ಹಾಕಬೇಕು ಅಂತ ನಿಮಗೂ ಆಗ್ತೈತೆ. ಕಾದ್ರೆ ಎತ್ತುತಾನೆ ಅಂತ ನಿಮಗೇ ನಂಬಿಕೆ ಇದ್ದಿದ್ರೆ ಇದು ಯಾಕೆ ಎಳೀತಿತ್ತು?"

"ಮಾರಕ್ಕಾ..."

"ಬೊಮ್ಮಕ್ಕ ಕೈ ಚಾಚಿದ್ದು ನಿಜವಾ?"

"ಇಲ್ಲ" ಎಂದೆ. "ಕಂಬಳಿಯೊಳಗೆ ಸೌಟಿನ ಹಿಡಿ ಇತ್ತು. ಅವಳ ಮೊಣಕೈ ತಳ್ಳಿದ್ದು ನಾನು."

ಅವಳು ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿಲ್ಲ. ಲೋಟ ಎತ್ತಿಕೊಳ್ಳಲು ಹೋದಳು, ಆದರೆ ಹಗ್ಗ ಬಿಗಿದು ಮರಗಟ್ಟಿದ್ದ ಅವಳ ಬೆರಳುಗಳು ಮಡಚಲಿಲ್ಲ. ನಾನು ಎತ್ತಿಕೊಂಡೆ. ಬೋರೇಶಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿಗೆ ಲೋಟ ಹಿಡಿದೆ. ಮೊದಲ ಗುಟುಕು ಕೆನ್ನೆಯ ಮೇಲೆ ಹರಿದು ಹೋಯಿತು, ಎರಡನೆಯದೂ ಹೋಯಿತು. ಮಾರಕ್ಕ ಅವನ ಗಂಟಲನ್ನು ಅಂಗೈಯಿಂದ ನೀವುತ್ತ, "ನುಂಗು ನನ್ನಪ್ಪಾ, ನುಂಗು" ಎನ್ನುತ್ತಿದ್ದಳು. ಕೊನೆಗೆ ಗಂಟಲು ಒಮ್ಮೆ ಏರಿ ಇಳಿಯಿತು. ಅವಳು ಹಾಗೇ ನೆಲಕ್ಕೆ ಕುಸಿದಳು.

ತಲೆಯೆತ್ತದೆಯೇ ಹೇಳಿದಳು: "ಇಲ್ಯಾಕೆ ಕೂತೀರಿ? ಹೋಗಿ. ಇನ್ನೆಷ್ಟು ಮನೇಲಿ ಕೈ ಕಟ್ಕಂಡು ಕೂತವ್ರೋ."

ಆಗ ನನಗೆ ನೆಟ್ಟಗಾದ ತಂಬಿಗೆಗಳು ನೆನಪಾದವು.

ಓಡಿದೆ. ಬೀದಿಯ ನಡುವೆ ನಿಂತು ಕೂಗಿದೆ: "ನಾನು ಹೇಳಿದ್ದು ಸುಳ್ಳು! ನೀರು ಕೊಡ್ರಪ್ಪಾ, ಸುಮ್ಮನಾದೋರಿಗೆ ನೀರು ಕೊಡಿ!" ಕಟ್ಟೆಯ ಮೇಲಿದ್ದವರು ನಕ್ಕರು. "ಓಬಳಣ್ಣ ಇವತ್ತು ಹೊಸದು ಶುರು ಮಾಡವ್ನೆ" ಎಂದ ಒಬ್ಬ. ಗಾದ್ರಪ್ಪ ಯಾರದೋ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದವನು ಎದ್ದೂ ಬರಲಿಲ್ಲ. "ನಮ್ಮ ಕಣ್ಣಾರೆ ನೋಡೀವಿ ಕಣೋ, ಸುಳ್ಳು ಅಂತೆ! ಈ ವಿದ್ಯೆ ಊರಿಗೆಲ್ಲ ಹಂಚಿ ಈಗ ಹೊಟ್ಟೆಕಿಚ್ಚಾ?" ನಿಜ ಹೇಳುವುದು ಹೇಗೆಂದು ನನಗೆ ಅಭ್ಯಾಸವಿರಲಿಲ್ಲ. ಎಷ್ಟು ಗಟ್ಟಿಯಾಗಿ ಕೂಗಿದೆನೋ ಅದು ಅಷ್ಟೇ ನನ್ನ ಹಳೆಯ ಮಾತುಗಳ ಹಾಗೆ ಕೇಳಿಸಿತು. ತಮ್ಮ ಪರವಾಗಿ ಹಗ್ಗ ಎಳೆದು ಎಚ್ಚರಿಸಲು ಸುಮ್ಮನಾದವರಿಗೆ ಪ್ರಾಣಿಗಳೂ ಇರಲಿಲ್ಲ.

ಮನೆಗೆ ಹೋಗಿ ಬೊಮ್ಮಕ್ಕನನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದೆ. ಭಟ್ಟಿಯ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕೂರಿಸಿದೆ. ಮಣೆ ಇಟ್ಟೆ, ಮಣೆಯ ಮೇಲೆ ಬೆಲ್ಲ ಇಟ್ಟೆ, ಒಂದು ಗೇಣು ದೂರದಲ್ಲಿ. ಅಂಗಿ ಬಿಚ್ಚಿ ಬಿಸಾಡಿ ನಾನು ಬೀದಿಯ ಆಚೆ ಬದಿಗೆ ಹೋಗಿ ಎರಡೂ ಕೈ ಮೇಲೆತ್ತಿ ನಿಂತೆ. "ನೋಡಿ" ಎಂದೆ.

ಜನ ಸೇರಿದರು. ಮೊದಲು ನಗುತ್ತಿದ್ದರು. ಬೊಮ್ಮಕ್ಕ ಬೆಲ್ಲವನ್ನು ನೋಡಿದಳು, ಆಮೇಲೆ ಒಂದು ನೊಣವನ್ನು ನೋಡಿದಳು, ಆಮೇಲೆ ಏನನ್ನೂ ನೋಡಲಿಲ್ಲ. ಅವಳ ಕೈ ಮಡಿಲಲ್ಲಿ ಅಂಗಾತ ಬಿದ್ದಿತ್ತು. ಬಿಸಿಲಿಗೆ ಅವಳ ಹಣೆಯಿಂದ ಬೆವರು ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ನಗು ನಿಂತಿತು. ಬೆಲ್ಲದ ಅಂಚು ಕರಗಿ ಮಣೆಗೆ ಅಂಟಿತು. "ಎತ್ತವ್ವಾ, ಕೈ ಎತ್ತು" ಎಂದು ಗಾದ್ರಪ್ಪ ಪಿಸುಗುಟ್ಟಿದ. ಯಾರೋ ಹೆಂಗಸು, "ಎತ್ತೇ ಬೊಮ್ಮೀ" ಎಂದಳು. ಎಲ್ಲರೂ ಪಿಸುಗುಟ್ಟತೊಡಗಿದರು. ಅವರ ಆಡು, ಕುರಿ, ಕೋಳಿಗಳೆಲ್ಲ ಹಗ್ಗ ಜಗ್ಗುತ್ತ ಕಟ್ಟೆಯ ಕಡೆಗೆ ತುಯ್ಯುತ್ತಿದ್ದವು. ನನ್ನ ಟಗರು ಅರಚುತ್ತಿತ್ತು. ಇಡೀ ಬೀದಿ ಬಯಸಿತು. ಕೈ ಏಳಲಿಲ್ಲ.

ಮೊದಲು ಎದ್ದು ಓಡಿದವನು ಕುಂಬಾರರ ಓಣಿಯವನು. ಆಮೇಲೆ ಒಬ್ಬಳು. ಆಮೇಲೆ ಎಲ್ಲರೂ ಒಟ್ಟಿಗೆ, ಚಪ್ಪಲಿ ಬಿಟ್ಟು, ಅರ್ಧ ಗಡ್ಡದ ನೊರೆಯಲ್ಲೇ. ಎರಡು ಮನೆಗಳಿಗೆ ಹೊತ್ತು ಮೀರಿತ್ತು. ಈ ಒಂದು ಲೆಕ್ಕದಲ್ಲಿ ನಾನು ಏನನ್ನೂ ಬೆಳೆಸಿ ಹೇಳುತ್ತಿಲ್ಲ. ಬೆಳೆಸಿದ್ದೇನೆ ಎಂದು ನೀವು ಅಂದುಕೊಂಡರೆ ನನಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಬೀದಿ ಖಾಲಿಯಾದ ಮೇಲೆ ಬೊಮ್ಮಕ್ಕನನ್ನು ನೆರಳಿಗೆ ಸರಿಸಿ, ಹಣೆ ಒರೆಸಿ, ಕರಗಿದ ಬೆಲ್ಲವನ್ನು ಬೆರಳಿನಲ್ಲಿ ತೆಗೆದು ಅವಳ ನಾಲಿಗೆಗೆ ಇಟ್ಟೆ. ಅವಳ ಮುಖ ಅರಳಿತು. ಮನೆಗೆ ಕರೆದುಕೊಂಡು ಹೋಗಿ ಹೊಸ್ತಿಲಲ್ಲಿ ತಂಬಿಗೆಯನ್ನು ಮತ್ತೆ ಬೋರಲು ಹಾಕಿದೆ. ಮಾರಕ್ಕ ದಿನವೂ ಬಂದು ಅವಳಿಗೆ ಒಂದು ಗುಟುಕು ನೀರು ಹಾಕಿ ಹೋಗುತ್ತಾಳೆ, ನನ್ನ ಜೊತೆ ಮಾತಾಡುವುದಿಲ್ಲ. ನಾನು ಬೋರೇಶಿಗೆ ಹಾಕಿ ಬರುತ್ತೇನೆ.

ಹುಲಿಯೂ ಬಂದಿರಲಿಲ್ಲ. ಹೇಂಟೆ ಗೂಡಿನಲ್ಲಿ ಕೂತಲ್ಲೇ ಸತ್ತಿತ್ತು. ಅದು ಮುದಿಯಾಯಿತೆಂದು ಬೊಮ್ಮಕ್ಕ ಹೊಸ ಹೇಂಟೆ ತರಲು ಸಂತೆಗೆ ಹೊರಟಿದ್ದಳು. ನಾನು ಒಳಗಿನಿಂದ ಬಂದು ನೋಡಿದಾಗ ಕೈಯಲ್ಲಿ ಚೀಲ ಹಿಡಿದು ಹೊಸ್ತಿಲ ಮೇಲೆ ಕೂತಿದ್ದಳು. ಯಾಕೆ ಹೊರಡಲಿಲ್ಲ ಎಂದು ಕೇಳಿದೆ. ನನ್ನ ಮುಖ ನೋಡಿದಳು, ಅಷ್ಟೆ. ನನ್ನ ಟಗರಿನ ಕೊಂಬು ಗಿಡ್ಡ, ಅದಕ್ಕೆ ಕರವಸ್ತ್ರವೂ ನಿಲ್ಲುವುದಿಲ್ಲ.

ಒಂಬತ್ತು ಮದುವೆಗಳೂ ಅಲ್ಲ. ಒಂಬತ್ತು ತೆಗೆದು ಒಂದು ಇಟ್ಟುಕೊಳ್ಳಿ. ಅದು ನನ್ನದೇ ಮದುವೆ. ಅವತ್ತು ನನಗೆ ಹೋಳಿಗೆ ಅರ್ಧವೂ ಇಳಿಯಲಿಲ್ಲ, ಟಗರು ಹೆದರಿ ಚಪ್ಪರದ ಕಂಬಕ್ಕೆ ಒತ್ತಿಕೊಂಡು ನಿಂತಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗಿ ತನ್ನ ಎಲೆಯದನ್ನು ಮುಗಿಸಿ, ಬಾಸಿಂಗ ಒಂದು ಕಡೆ ವಾಲಿದ್ದರೂ ಲೆಕ್ಕಿಸದೆ, ಎಲ್ಲರೂ ನೋಡುತ್ತಿರುವಾಗಲೇ ನನ್ನ ಎಲೆಗೆ ಕೈ ಚಾಚಿ ಉಳಿದ ಅರ್ಧವನ್ನು ಎತ್ತಿಕೊಂಡಳು.